ಟೆರೇಸ್ ಮೇಲೊಂದು ಹವ್ಯಾಸ: ಹದಿಹರೆಯದವರು ಆಕಾಶ ನೋಡಲು ಕಲಿಯುವುದು ಹೇಗೆ

“ಏನಾದ್ರೂ ಒಂದು ಒಳ್ಳೆ ಹವ್ಯಾಸ ಬೆಳೆಸ್ಕೋ” ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಯಾವುದು, ಹೇಗೆ ಅಂತ ಹೇಳುವವರು ಕಡಿಮೆ. ಹದಿಮೂರು ಹದಿನಾಲ್ಕು ದಾಟಿದವರಿಗೆ ಇದು ಇನ್ನೂ ಕಷ್ಟ. ಚಿಕ್ಕಂದಿನಲ್ಲಿ ಇಷ್ಟವಾಗಿದ್ದ ಬಣ್ಣ ಹಚ್ಚುವುದು, ಸ್ಟ್ಯಾಂಪ್ ಕೂಡಿಡುವುದು ಬೇಸರ ಬಂದಿರುತ್ತದೆ. ಹೊಸದೇನಾದರೂ ಹಿಡಿಯೋಣ ಅಂದರೆ ಗಿಟಾರ್‌ಗೆ ಇಷ್ಟು, ಕ್ಯಾಮೆರಾಗೆ ಅಷ್ಟು, ಕ್ಲಾಸಿನ ಫೀಸು ಬೇರೆ. ದುಡ್ಡು ಕೊಟ್ಟು ಸೇರಿದ ಮೇಲೆ ಅಲ್ಲೂ ಪರೀಕ್ಷೆ, ಗ್ರೇಡು, ಸರ್ಟಿಫಿಕೇಟು. ಎಸ್ಎಸ್ಎಲ್‌ಸಿಯ ಆರು ವಿಷಯಗಳ ಜೊತೆ ಅದು ಏಳನೆಯ ವಿಷಯ ಆಗಿಬಿಡುತ್ತದೆ. ಆಮೇಲೆ ಅದನ್ನು ಬಿಡುವುದು ಸಹಜ ಅಲ್ವಾ?

ನನ್ನ ಪ್ರಕಾರ ಈ ವಯಸ್ಸಿನ ಹವ್ಯಾಸ ಇವತ್ತು ರಾತ್ರಿಯೇ, ಏನನ್ನೂ ಕೊಳ್ಳದೆ, ಇಪ್ಪತ್ತು ನಿಮಿಷದಲ್ಲಿ ಶುರುವಾಗುವಂತಿರಬೇಕು. ಮಾರನೇ ದಿನ ಟೆಸ್ಟ್ ಇದ್ದರೆ ಬಿಟ್ಟು, ಆಮೇಲೆ ಬಿಟ್ಟಲ್ಲಿಂದಲೇ ಹಿಡಿಯುವಂತಿರಬೇಕು. ಅದಕ್ಕಿಂತ ಮುಖ್ಯವಾಗಿ, ಅದಕ್ಕೆ ಆಳ ಇರಬೇಕು. ಆರು ತಿಂಗಳಾದ ಮೇಲೂ “ಇನ್ನೇನಿದೆ ಇದರಲ್ಲಿ” ಅನ್ನಿಸಬಾರದು. ಈ ಎಲ್ಲಕ್ಕೂ ಹೊಂದುವ ಹವ್ಯಾಸಗಳು ಕೆಲವಿವೆ. ಹಕ್ಕಿ ನೋಡುವುದು ಒಂದು. ನನಗೆ ಅದಕ್ಕಿಂತ ಹತ್ತಿರವಾದದ್ದು ಆಕಾಶ ನೋಡುವುದು. ಹಾಗಾಗಿ ಇಲ್ಲಿ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಆಕಾಶ ಅಂದ ಕೂಡಲೇ ಟೆಲಿಸ್ಕೋಪ್ ನೆನಪಾಗುತ್ತದೆ. ಸದ್ಯಕ್ಕೆ ಅದನ್ನು ಮರೆತುಬಿಡಿ. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಮನೆಯ ಟೆರೇಸು. ಹೊರಗೆ ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಹೊರಗೆ ಕಳಿಸುವುದಿಲ್ಲ. ಸಂಜೆಯ ಆಟ, ತಿರುಗಾಟ ಎಲ್ಲ ಅವರಿಗೆ ಅಲ್ಲಿಗೇ ನಿಂತುಹೋಗುತ್ತದೆ. ಮನೆಯ ಮಾಳಿಗೆಯ ಮೇಲೆ ಶುರುವಾಗುವ ಹವ್ಯಾಸಕ್ಕೆ ಆ ತಡೆಯಿಲ್ಲ. ಈ ಕಾರಣಕ್ಕೇ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಮೊದಲ ರಾತ್ರಿ

ಮೊದಲು ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು. ಬೆಳಕಿನಿಂದ ಕತ್ತಲಿಗೆ ಬಂದರೆ ಕಣ್ಣಿನ ಪಾಪೆ ಬೇಗ ಅಗಲವಾಗುತ್ತದೆ. ಆದರೆ ಮಂದ ಬೆಳಕನ್ನು ಗುರುತಿಸುವ ಜೀವಕೋಶಗಳು ಬೇರೆ. ಅವುಗಳಲ್ಲಿರುವ ಬಣ್ಣದ ರಾಸಾಯನಿಕ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ವಾಟ್ಸಾಪ್ ನೋಡಿದರೂ ಆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಕೆಂಪು ಬೆಳಕು ಮಾತ್ರ ಅಷ್ಟಾಗಿ ಕೆಡಿಸುವುದಿಲ್ಲ. ಅದಕ್ಕೇ ಆಕಾಶ ನೋಡುವವರು ಟಾರ್ಚಿನ ಬಾಯಿಗೆ ಕೆಂಪು ಹಾಳೆ ಕಟ್ಟಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ತೀರಾ ಮಂಕಾದ ಚುಕ್ಕಿಯನ್ನು ನೇರವಾಗಿ ನೋಡಿದರೆ ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಮಂದ ಬೆಳಕಿನ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಹೀಗೆ ಓರೆಗಣ್ಣಲ್ಲಿ ನೋಡುವುದನ್ನು ಕಲಿತರೆ ಕಾಣುವ ನಕ್ಷತ್ರಗಳ ಸಂಖ್ಯೆ ಹೆಚ್ಚುತ್ತದೆ.

ಆಮೇಲೆ ಅಳತೆ. ತೋಳು ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ. ಹುಣ್ಣಿಮೆಯ ಚಂದ್ರ ಬರೀ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿಂದ ಅದನ್ನು ಪೂರ್ತಿ ಮುಚ್ಚಬಹುದು. ನಂಬಿಕೆ ಬರದಿದ್ದರೆ ಮಾಡಿ ನೋಡಿ. ಈ ಮುಷ್ಟಿಯಿಂದಲೇ ಧ್ರುವ ನಕ್ಷತ್ರವನ್ನೂ ಹುಡುಕಬಹುದು. ಉತ್ತರ ದಿಗಂತದಿಂದ ಧ್ರುವ ಎಷ್ಟು ಎತ್ತರದಲ್ಲಿದೆಯೋ ಅದೇ ನೀವು ನಿಂತ ಊರಿನ ಅಕ್ಷಾಂಶ. ಬೆಂಗಳೂರು, ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಅಂದರೆ ಒಂದು ಮುಷ್ಟಿ ಮೇಲೆ ಸ್ವಲ್ಪ. ಬೀದರ್‌ನಲ್ಲಿ ಸುಮಾರು 18, ಎರಡು ಮುಷ್ಟಿಗೆ ಕೊಂಚ ಕಡಿಮೆ. ಲಂಡನ್ನಿನಲ್ಲಿರುವ ನಿಮ್ಮ ಚಿಕ್ಕಪ್ಪನ ಮಗಳಿಗೆ ಅದು 51 ಡಿಗ್ರಿ, ಅರ್ಧ ಆಕಾಶಕ್ಕಿಂತ ಮೇಲೆ. ಅವಳಿಗೆ ಫೋನ್ ಮಾಡಿ ಇಬ್ಬರೂ ಅಳೆದು ನೋಡಿದರೆ ಭೂಮಿ ದುಂಡಗಿದೆ ಅನ್ನುವುದಕ್ಕೆ ನಿಮ್ಮ ಕೈಯಲ್ಲೇ ಒಂದು ಸಾಕ್ಷಿ ಸಿಗುತ್ತದೆ.

ಅವಳಿಗೆ ಕಾಣದ್ದು ನಿಮಗೆ ಕಾಣುತ್ತದೆ ಅನ್ನುವುದೂ ಇದೆ. ಇಡೀ ರಾತ್ರಿ ಆಕಾಶದ ಎರಡನೇ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ. ಲಂಡನ್ನಿನಲ್ಲಿ ಅದು ಎಂದೂ ಮೂಡುವುದಿಲ್ಲ. ನಮ್ಮಲ್ಲಿ ಫೆಬ್ರವರಿ ಸಂಜೆ ದಕ್ಷಿಣಕ್ಕೆ ಮುಖ ಮಾಡಿದರೆ ಎರಡು ಮುಷ್ಟಿ ಎತ್ತರದಲ್ಲಿ ಹೊಳೆಯುತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಇನ್ನೂ ಒಳ್ಳೆಯದೊಂದಿದೆ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ನೇರ ದಕ್ಷಿಣದಲ್ಲಿ, ಎರಡು ಮುಷ್ಟಿಗಿಂತ ಕೆಳಗೆ, ತ್ರಿಶಂಕು ನಿಂತಿರುತ್ತದೆ. ಆಸ್ಟ್ರೇಲಿಯಾದ ಬಾವುಟದ ಮೇಲಿರುವ ದಕ್ಷಿಣದ ಶಿಲುಬೆ ಅದೇ. ದಕ್ಷಿಣ ದಿಕ್ಕಿನಲ್ಲಿ ದೊಡ್ಡ ಕಟ್ಟಡ ಇಲ್ಲದಿದ್ದರೆ ಸಾಕು.

ಯಾವುದರಿಂದ ಶುರು ಮಾಡುವುದು? ಜನವರಿಯಿಂದ ಏಪ್ರಿಲ್‌ವರೆಗೆ ಆದರೆ ಮಹಾವ್ಯಾಧ. ಒರಾಯನ್ ಅಂತಾರಲ್ಲ, ಅದು. ನಡುವೆ ಒಂದೇ ಸಾಲಿನಲ್ಲಿ ಒತ್ತಾಗಿ ಮೂರು ನಕ್ಷತ್ರ. ಬೆಂಗಳೂರಿನ ಬೆಳಕಿನ ನಡುವೆಯೂ ಕಾಣುತ್ತದೆ. ಆ ಮೂರರ ಸಾಲನ್ನು ಒಂದು ಕಡೆಗೆ ಎಳೆದರೆ ಲುಬ್ಧಕ, ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ. ಇನ್ನೊಂದು ಕಡೆಗೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ. ಅದನ್ನೂ ದಾಟಿದರೆ ಪುಟ್ಟ ಗೊಂಚಲು, ಕೃತ್ತಿಕೆ. ಮಹಾವ್ಯಾಧನ ಹೆಗಲ ಬಳಿ ಕೆಂಪಗೆ ಇರುವುದು ಆರಿದ್ರಾ. ಏಪ್ರಿಲ್‌ನಿಂದ ಜೂನ್‌ವರೆಗೆ ಆದರೆ ಉತ್ತರದಲ್ಲಿ ಸಪ್ತರ್ಷಿ ಮಂಡಲ. ಅದರ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಬಳಸಿದರೆ ಸ್ವಾತಿ, ಆಮೇಲೆ ಚಿತ್ತಾ. ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದರ ಪಕ್ಕ ಅಂಟಿಕೊಂಡಂತೆ ಇರುವ ಮಂಕು ಚುಕ್ಕಿ ಅರುಂಧತಿ. ಮದುವೆಯಲ್ಲಿ ತೋರಿಸುತ್ತಾರಲ್ಲ, ಅದು ನಿಜವಾಗಿ ಕಂಡರೆ ನಿಮ್ಮ ಕಣ್ಣೂ ಚೆನ್ನಾಗಿದೆ, ನಿಮ್ಮ ಆಕಾಶವೂ ಚೆನ್ನಾಗಿದೆ.

ಒಂದು ವಾರಕ್ಕೆ ಇಷ್ಟು ಸಾಕು. ಆಕಾಶದ ನಕ್ಷೆ ತೋರಿಸುವ ಫೋನಿನ ಆ್ಯಪ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಸ್ಟೆಲೇರಿಯಂ ಉಚಿತ, ತುಂಬಾ ಒಳ್ಳೆಯದು. ಆದರೆ ಮೊದಲು ಕಣ್ಣಿಂದ ಹುಡುಕಿ, ಹಾಳೆಯ ಮೇಲೆ ಚುಕ್ಕಿ ಇಟ್ಟು ಚಿತ್ರ ಬರೆದುಕೊಳ್ಳಿ. ಕೆಳಗೆ ಬಂದ ಮೇಲೆ ಆ್ಯಪ್ ತೆಗೆದು ಸರಿ ನೋಡಿ. ಮೊದಲೇ ಆ್ಯಪ್ ತೆಗೆದರೆ ಪರದೆ ನೋಡುತ್ತೀರಿ, ಆಕಾಶ ಅಲ್ಲ.

ಮಳೆಯ ಹೆಸರುಗಳು ಹೇಳುವ ಲೆಕ್ಕ

ಈ ನಕ್ಷತ್ರಗಳ ಹೆಸರುಗಳನ್ನು ನೀವು ಮೊದಲೇ ಕೇಳಿದ್ದೀರಿ. ಊರಿನಲ್ಲಿ ಅಜ್ಜ “ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ” ಅಂದಿರುತ್ತಾರೆ. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಅಂತಲೂ ಕೇಳಿರುತ್ತೀರಿ. ಮೃಗಶಿರ, ಪುಷ್ಯ, ಮಘೆ, ಹುಬ್ಬೆ, ಹಸ್ತ, ಚಿತ್ತೆ, ಸ್ವಾತಿ ಅಂತ ಮಳೆಗಳ ಸಾಲೇ ಇದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಇವುಗಳ ದಿನಾಂಕವೂ ಇರುತ್ತದೆ. ಇದರ ಹಿಂದೆ ಏನಿದೆ ಅಂತ ತಿಳಿದರೆ ಆಕಾಶದ ಅರ್ಧ ಲೆಕ್ಕ ಅರ್ಥವಾದಂತೆ.

ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27 ದಿನಕ್ಕಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತಾನೆ. ಹಾಗಾಗಿ ಹಿಂದಿನವರು ಅವನ ದಾರಿಯನ್ನು 27 ಭಾಗ ಮಾಡಿ, ದಾರಿ ಬದಿಯ ಮೈಲಿಗಲ್ಲುಗಳ ಹಾಗೆ ಒಂದೊಂದು ಭಾಗಕ್ಕೆ ಒಂದೊಂದು ನಕ್ಷತ್ರದ ಹೆಸರಿಟ್ಟರು. ದಿನಕ್ಕೆ ಸುಮಾರು ಒಂದು ಕಲ್ಲು. 360 ಡಿಗ್ರಿಯನ್ನು 27ರಿಂದ ಭಾಗಿಸಿದರೆ ಒಂದೊಂದು ಭಾಗ 13 ಡಿಗ್ರಿ ಚಿಲ್ಲರೆ. ಇದನ್ನು ಎರಡೇ ಸಂಜೆಯಲ್ಲಿ ಪರೀಕ್ಷೆ ಮಾಡಬಹುದು. ಇವತ್ತು ಚಂದ್ರನ ಹತ್ತಿರ ಇರುವ ಒಂದು ನಕ್ಷತ್ರವನ್ನು ಗುರುತಿಟ್ಟುಕೊಳ್ಳಿ. ನಾಳೆ ಅದೇ ಹೊತ್ತಿಗೆ ನೋಡಿದರೆ ಚಂದ್ರ ಆ ನಕ್ಷತ್ರದಿಂದ ಪೂರ್ವಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಸರಿದಿರುತ್ತಾನೆ.

ಸೂರ್ಯನೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುವಂತೆ ನಮಗೆ ಕಾಣುತ್ತಾನೆ. ಆದರೆ ಅವನಿಗೆ ಒಂದು ಸುತ್ತಿಗೆ ಒಂದು ವರ್ಷ ಬೇಕು. 365ನ್ನು 27ರಿಂದ ಭಾಗಿಸಿ. ಹದಿಮೂರೂವರೆ ದಿನ. ಒಂದೊಂದು ಮಳೆ ನಕ್ಷತ್ರ 13–14 ದಿನ ಇರುವುದು ಅದಕ್ಕೇ. ಸೂರ್ಯ ರೋಹಿಣಿಯ ಭಾಗಕ್ಕೆ ಬರುವುದು ಮೇ 25ರ ಸುಮಾರಿಗೆ. ಆಗ ಬೀಳುವುದು ರೋಹಿಣಿ ಮಳೆ. ಜೂನ್ 8ರ ಹೊತ್ತಿಗೆ ಮೃಗಶಿರ, ಜೂನ್ 22ರ ಹೊತ್ತಿಗೆ ಆರಿದ್ರಾ. ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್ ಕೊನೆಗೆ ಸ್ವಾತಿ. ಮಳೆಯನ್ನು ತರುವುದು ನಕ್ಷತ್ರವಲ್ಲ. ಅದು ರೈತನ ಕೈಯಲ್ಲಿದ್ದ ಕ್ಯಾಲೆಂಡರು. ಇಂಥ ದಿನಕ್ಕೆ ಬಿತ್ತನೆ, ಇಂಥ ದಿನಕ್ಕೆ ಕಳೆ ಅಂತ ನೆನಪಿಡಲು ಆಕಾಶವನ್ನು ಹನ್ನೆರಡರ ಬದಲು ಇಪ್ಪತ್ತೇಳು ಭಾಗ ಮಾಡಿಕೊಂಡ ಕ್ಯಾಲೆಂಡರು.

ಈಗ ಒಂದು ಪ್ರಶ್ನೆ. ರೋಹಿಣಿ ಮಳೆ ಬೀಳುವ ದಿನಗಳಲ್ಲಿ ರಾತ್ರಿ ರೋಹಿಣಿ ನಕ್ಷತ್ರ ಎಲ್ಲಿ ಕಾಣುತ್ತದೆ? ಎಲ್ಲೂ ಕಾಣುವುದಿಲ್ಲ! ಸೂರ್ಯ ಅದೇ ದಿಕ್ಕಿನಲ್ಲಿದ್ದಾನಲ್ಲ, ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತದೆ. ಇಡೀ ರಾತ್ರಿ ಚೆನ್ನಾಗಿ ಕಾಣಬೇಕಾದರೆ ಆರು ತಿಂಗಳು ಕಾಯಬೇಕು, ಡಿಸೆಂಬರ್ ಹೊತ್ತಿಗೆ. ಅಂದರೆ ಯಾವ ಮಳೆ ಯಾವಾಗ ಅಂತ ಗೊತ್ತಿದ್ದರೆ ಆ ನಕ್ಷತ್ರ ರಾತ್ರಿ ಯಾವಾಗ ಕಾಣುತ್ತದೆ ಅಂತ ಬಾಯಲ್ಲೇ ಲೆಕ್ಕ ಹಾಕಬಹುದು. ಸ್ವಾತಿ ಮಳೆ ಅಕ್ಟೋಬರ್ ಕೊನೆಗೆ, ಹಾಗಾದರೆ ಸ್ವಾತಿ ನಕ್ಷತ್ರ ರಾತ್ರಿಯಿಡೀ ಕಾಣುವುದು ಏಪ್ರಿಲ್ ಕೊನೆಗೆ. ಬೇಸಿಗೆ ರಜೆಯಲ್ಲಿ ಪೂರ್ವಕ್ಕೆ ನೋಡಿ, ಇರುತ್ತದೆ.

ತಿಂಗಳ ಹೆಸರಲ್ಲೂ ಇದೇ ಲೆಕ್ಕ. ಹುಣ್ಣಿಮೆ ಚಂದ್ರ ಕೃತ್ತಿಕೆಯ ಆಸುಪಾಸು ಇರುವ ತಿಂಗಳು ಕಾರ್ತಿಕ. ಮಘೆಯ ಬಳಿ ಇದ್ದರೆ ಮಾಘ. ಚಿತ್ತೆಯ ಬಳಿ ಇದ್ದರೆ ಚೈತ್ರ. ಈ ಸಲದ ಕಾರ್ತಿಕ ಹುಣ್ಣಿಮೆಗೆ ದೀಪ ಹಚ್ಚಿದ ಮೇಲೆ ಒಮ್ಮೆ ಮೇಲೆ ಹೋಗಿ ನೋಡಿ. ಬೆಳದಿಂಗಳಲ್ಲಿ ಕೃತ್ತಿಕೆ ಮಂಕಾಗಿರುತ್ತದೆ, ಹುಡುಕಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಹೆಸರುಗಳನ್ನು ಕೇಳಿದರೆ ಎಷ್ಟೋ ಜನಕ್ಕೆ ಜಾತಕ ನೆನಪಾಗುತ್ತದೆ. ಈ ಹವ್ಯಾಸಕ್ಕೂ ಭವಿಷ್ಯ ಹೇಳುವುದಕ್ಕೂ ಸಂಬಂಧ ಇಲ್ಲ. ಹೊಲದಲ್ಲಿ ನಿಂತು ಆಕಾಶ ನೋಡಿದವರು ಕೊಟ್ಟ ಹೆಸರುಗಳಿವು. ನೋಡುವ ಎಲ್ಲರಿಗೂ ಸೇರಿದವು.

ಟೆರೇಸ್ ಮೇಲೆ ಮಾಡುವ ಒಂದು ಅಳತೆ

ನೋಡುವುದು ಹವ್ಯಾಸವಾಗಿ ನಿಲ್ಲಬೇಕಾದರೆ ಬರೆದಿಡಬೇಕು. ಬರೀ ಚಂದ ಅಂತ ನೋಡಿದರೆ ಒಂದು ತಿಂಗಳಿಗೆ ಆಸಕ್ತಿ ಇಳಿಯುತ್ತದೆ. ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದರೆ ಇಳಿಯುವುದಿಲ್ಲ. ನಾನು ಎಲ್ಲರಿಗೂ ಮೊದಲು ಹೇಳುವ ಪ್ರಶ್ನೆ ಇದು: ಭೂಮಿ ತನ್ನ ಸುತ್ತ ಒಂದು ಸುತ್ತು ಬರಲು ಎಷ್ಟು ಹೊತ್ತು ಬೇಕು?

24 ಗಂಟೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಅಳೆದು ನೋಡೋಣ. ಟೆರೇಸಿನಲ್ಲಿ ಒಂದು ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಪ್ರತಿ ಸಲ ಅಲ್ಲೇ, ಒಂದೇ ಭಂಗಿಯಲ್ಲಿ ಕುಳಿತುಕೊಳ್ಳಬೇಕು. ಪಶ್ಚಿಮದಲ್ಲಿ ನೀರಿನ ಟ್ಯಾಂಕಿನದೋ ಪಕ್ಕದ ಕಟ್ಟಡದ್ದೋ ನೇರ ಅಂಚು ಆರಿಸಿಕೊಳ್ಳಿ. ಒಂದು ಪ್ರಕಾಶಮಾನ ನಕ್ಷತ್ರ ಆ ಅಂಚಿನ ಹಿಂದೆ ಸರಿಯುವ ಹೊತ್ತಿಗೆ ಕಾಯಿರಿ. ನಕ್ಷತ್ರ ನಮಗೆ ಒಂದು ಬಿಂದು ಮಾತ್ರ, ಹಾಗಾಗಿ ಅದು ನಿಧಾನಕ್ಕೆ ಮಂಕಾಗುವುದಿಲ್ಲ, ಫಕ್ಕನೆ ಮಾಯವಾಗುತ್ತದೆ. ಆ ಕ್ಷಣದ ಗಂಟೆ, ನಿಮಿಷ, ಸೆಕೆಂಡು ಬರೆದುಕೊಳ್ಳಿ. ಹತ್ತು ದಿನ ಬಿಟ್ಟು ಅದೇ ಜಾಗದಲ್ಲಿ ಅದೇ ನಕ್ಷತ್ರ ನೋಡಿ. ಸುಮಾರು 39 ನಿಮಿಷ ಮೊದಲೇ ಮಾಯವಾಗುತ್ತದೆ. ಹತ್ತರಿಂದ ಭಾಗಿಸಿದರೆ ದಿನಕ್ಕೆ 4 ನಿಮಿಷಕ್ಕೆ ಒಂದು ಚೂರು ಕಡಿಮೆ. ಅಂದರೆ ಭೂಮಿಯ ನಿಜವಾದ ಒಂದು ಸುತ್ತು 23 ಗಂಟೆ 56 ನಿಮಿಷ.

ಹಾಗಾದರೆ 24 ಗಂಟೆ ಎಲ್ಲಿಂದ ಬಂತು? ಭೂಮಿ ತಿರುಗುತ್ತಲೇ ಸೂರ್ಯನ ಸುತ್ತ ದಿನಕ್ಕೆ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ಅದೇ ದಿಕ್ಕಿಗೆ ಬರಬೇಕಾದರೆ ಆ ಒಂದು ಡಿಗ್ರಿಯಷ್ಟು ಜಾಸ್ತಿ ತಿರುಗಬೇಕು. 1440 ನಿಮಿಷವನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 4 ನಿಮಿಷ. ಆ ನಾಲ್ಕು ನಿಮಿಷ ಸೇರಿ 24 ಗಂಟೆ. ತಿಂಗಳಿಗೆ ಎರಡು ಗಂಟೆ, ವರ್ಷಕ್ಕೆ ಒಂದು ಇಡೀ ದಿನ. ಅದಕ್ಕೇ ಜನವರಿಯ ರಾತ್ರಿ ಹತ್ತು ಗಂಟೆಗೆ ನೆತ್ತಿಯ ಬಳಿ ಇದ್ದ ಮಹಾವ್ಯಾಧ ಏಪ್ರಿಲ್‌ಗೆ ಸಂಜೆಯೇ ಪಶ್ಚಿಮಕ್ಕೆ ಇಳಿದಿರುತ್ತಾನೆ. ಒಂಬತ್ತನೇ ತರಗತಿಯ ಗಣಿತ ಇದಕ್ಕೆ ಸಾಕು. ಪುಸ್ತಕದ ವಾಕ್ಯವೊಂದನ್ನು ಸ್ವಂತ ಅಳತೆಯಿಂದ ತಿದ್ದಿದ ಸಂತೋಷ ಈ ವಯಸ್ಸಿನಲ್ಲಿ ಸಿಕ್ಕರೆ ಅದು ಬಹಳ ದೂರ ಕರೆದೊಯ್ಯುತ್ತದೆ.

ಯಾರ್ಕ್‌ನ ಹುಡುಗ

“ಇದೆಲ್ಲ ಗೊತ್ತಿರುವ ವಿಷಯ ತಾನೇ, ಹವ್ಯಾಸಕ್ಕೆ ನೋಡುವವರು ಹೊಸದೇನು ಕಂಡುಹಿಡಿಯಲು ಸಾಧ್ಯ?” ಅಂತ ಕೇಳುವವರಿಗೆ ನಾನು ಜಾನ್ ಗುಡ್ರಿಕ್‌ನ ಕಥೆ ಹೇಳುತ್ತೇನೆ.

1764ರಲ್ಲಿ ಹುಟ್ಟಿದವನು. ತೀರಾ ಚಿಕ್ಕವನಿದ್ದಾಗಲೇ ಕಿವಿ ಕೇಳದಂತಾಯಿತು. ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಆಮೇಲೆ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಅಪ್ಪ ಅಮ್ಮನ ಜೊತೆ ಬಂದು ನೆಲೆಸಿದ. ಎಡ್ವರ್ಡ್ ಪಿಗಟ್ ಎಂಬ ನೆರೆಯವನಿಗೆ ಆಕಾಶದ ಹುಚ್ಚಿತ್ತು. ಇವನಿಗೂ ಹಿಡಿಯಿತು. ಬೆಳಕಿನಲ್ಲಿ ಏರಿಳಿಯುವ ನಕ್ಷತ್ರಗಳನ್ನು ಗಮನಿಸೋಣ ಅಂತ ಇಬ್ಬರೂ ಪಟ್ಟಿ ಮಾಡಿಕೊಂಡರು. ಅದರಲ್ಲಿ ಪರ್ಸಿಯಸ್ ಪುಂಜದ ಆಲ್ಗಾಲ್ ಕೂಡ ಇತ್ತು. ಅದರ ಬೆಳಕು ಒಮ್ಮೊಮ್ಮೆ ಇಳಿಯುತ್ತದೆ ಅಂತ ಇಟಲಿಯಲ್ಲಿ ನೂರು ವರ್ಷ ಮೊದಲೇ ಗಮನಿಸಿದ್ದರು. ಯಾವಾಗ ಇಳಿಯುತ್ತದೆ, ಯಾಕೆ ಇಳಿಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

1782ರ ನವೆಂಬರ್‌ನಲ್ಲಿ ಗುಡ್ರಿಕ್ ಅದು ಮಂಕಾಗಿದ್ದನ್ನು ಕಂಡ. ಆಗ ಅವನಿಗೆ 18. ಅಂದಿನಿಂದ ಮೋಡ ಇಲ್ಲದ ರಾತ್ರಿಗಳಲ್ಲಿ ಬಿಡದೆ ನೋಡಿದ. ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ ಎಷ್ಟು ಪ್ರಕಾಶ ಅಂತ ಬರೆದ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಅವನಿಗೆ ಲೆಕ್ಕ ಸಿಕ್ಕಿತ್ತು. ಆಲ್ಗಾಲ್ ಮೂರು ದಿನಕ್ಕೆ ಸ್ವಲ್ಪ ಕಡಿಮೆ ಅವಧಿಗೊಮ್ಮೆ, ಗಡಿಯಾರ ತಪ್ಪದೆ, ಮಂಕಾಗುತ್ತದೆ. ಇಂದಿನ ಅಳತೆಯಲ್ಲಿ ಅದು 2 ದಿನ 20 ಗಂಟೆ 49 ನಿಮಿಷ. ಕಾರಣವನ್ನೂ ಅವನು ಊಹಿಸಿದ: ಕಾಣದ ಇನ್ನೊಂದು ಕಾಯ ಅದರ ಸುತ್ತ ತಿರುಗುತ್ತಾ ಮುಂದೆ ಬಂದು ಬೆಳಕನ್ನು ಅಡ್ಡಗಟ್ಟುತ್ತಿರಬಹುದು, ಇಲ್ಲವೇ ನಕ್ಷತ್ರದ ಒಂದು ಮಗ್ಗುಲಲ್ಲಿ ಕಪ್ಪು ಕಲೆಗಳಿರಬಹುದು. ಮೊದಲನೆಯದೇ ಸರಿ ಅಂತ 1889ರಲ್ಲಿ, ನೂರಕ್ಕೂ ಹೆಚ್ಚು ವರ್ಷದ ಮೇಲೆ, ಬೆಳಕನ್ನು ಒಡೆದು ನೋಡುವ ಉಪಕರಣದಿಂದ ಸಾಬೀತಾಯಿತು.

ಲಂಡನ್ನಿನ ರಾಯಲ್ ಸೊಸೈಟಿ 1783ರಲ್ಲಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಅಂದು ವಿಜ್ಞಾನಕ್ಕೆ ಅಲ್ಲಿ ಸಿಗುತ್ತಿದ್ದ ದೊಡ್ಡ ಗೌರವ ಅದು. ಅವನಿಗೆ ಆಗ 19. ಮರುವರ್ಷ ಸೆಫಿಯಸ್ ಪುಂಜದಲ್ಲಿ ಇನ್ನೊಂದು ಏರಿಳಿಯುವ ನಕ್ಷತ್ರ ಕಂಡುಹಿಡಿದ. 21ನೇ ವಯಸ್ಸಿಗೆ ತೀರಿಕೊಂಡ. ಆ ಎರಡನೇ ಜಾತಿಯ ನಕ್ಷತ್ರಗಳಿಗೆ ಈಗ ಸೆಫೀಡ್ ಅನ್ನುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್ ಅವುಗಳ ಏರಿಳಿತದ ಅವಧಿಗೂ ನಿಜವಾದ ಪ್ರಕಾಶಕ್ಕೂ ಇರುವ ಸಂಬಂಧ ತೋರಿಸಿದರು. ಅದೇ ಸಂಬಂಧ ಹಿಡಿದು ದೂರ ಅಳೆದು 1920ರ ದಶಕದಲ್ಲಿ ಇನ್ನೊಬ್ಬ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್, ಆಂಡ್ರೊಮೆಡಾ ನಮ್ಮ ಹಾಲುಹಾದಿಯ ಆಚೆಗಿನ ಬೇರೆಯೇ ಗೆಲಾಕ್ಸಿ ಅಂತ ಸಿದ್ಧ ಮಾಡಿದರು. ಕಿಟಕಿಯ ಬಳಿ ನಿಂತು ಒಬ್ಬ ಹುಡುಗ ಬರೆದಿಟ್ಟ ಟಿಪ್ಪಣಿಯಿಂದ ಶುರುವಾದ ಸಾಲು ಇದು.

ಆಲ್ಗಾಲ್ ನಮ್ಮ ಊರಿನಿಂದಲೂ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಎಂಟು ಒಂಬತ್ತಕ್ಕೆ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿ. ಕೃತ್ತಿಕೆಗೂ ಇಂಗ್ಲಿಷಿನ ಡಬ್ಲ್ಯು ಆಕಾರದ ಕ್ಯಾಸಿಯೋಪಿಯಾಗೂ ನಡುವೆ ಇದೆ. ಸಾಮಾನ್ಯ ದಿನಗಳಲ್ಲಿ ಅದು ಪಕ್ಕದ ಆಂಡ್ರೊಮೆಡಾ ಪುಂಜದ ಅಲ್ಮಾಕ್ ನಕ್ಷತ್ರದಷ್ಟೇ ಪ್ರಕಾಶ. ಮಂಕಾದಾಗ ಅದರ ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಳಿಯಲು ಐದು ಗಂಟೆ, ಏರಲು ಐದು ಗಂಟೆ. ಒಮ್ಮೆ ಹಿಡಿದರೆ ಮುಂದಿನ ಸಲ ಯಾವಾಗ ಅಂತ ನೀವೇ ಲೆಕ್ಕ ಹಾಕಿ ಕಾಯಬಹುದು. ನೀವು ಹೇಳಿದ ಹೊತ್ತಿಗೆ ಸರಿಯಾಗಿ ಒಂದು ನಕ್ಷತ್ರ ಮಂಕಾಗುವುದನ್ನು ನೋಡುವುದಿದೆಯಲ್ಲ, ಅದನ್ನು ನೋಡಿದವರು ಈ ಹವ್ಯಾಸ ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಕೊಳ್ಳುವುದಾದರೆ

ಒಂದು ಚಳಿಗಾಲ ಬರಿಗಣ್ಣಲ್ಲಿ ನೋಡಿದ ಮೇಲೂ ಆಸಕ್ತಿ ಇದ್ದರೆ ಬೈನಾಕ್ಯುಲರ್ ಕೇಳಿ, ಟೆಲಿಸ್ಕೋಪ್ ಅಲ್ಲ. ಮೇಲೆ 7x50 ಅಥವಾ 10x50 ಅಂತ ಬರೆದಿರುತ್ತದೆ. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದು ಅಂತ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಆಕಾಶಕ್ಕೆ ಎರಡನೆಯದು ಮುಖ್ಯ, ಬೆಳಕು ಕೂಡಿಸುವುದು ಅದೇ. 10x50ರಲ್ಲಿ ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರು ಸಣ್ಣ ಚುಕ್ಕಿಗಳಾಗಿ ಕಾಣುತ್ತವೆ, ಕೈ ಅಲುಗದಂತೆ ಪ್ಯಾರಪೆಟ್ ಮೇಲೆ ಊರಿ ಹಿಡಿದರೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಅವನ್ನೇ. ದಿನಾ ಅವುಗಳ ಜಾಗ ಬರೆದಿಟ್ಟರೆ ಒಂದು ವಾರದಲ್ಲಿ ಅವು ಗುರುವಿನ ಸುತ್ತ ತಿರುಗುವುದು ಗೊತ್ತಾಗುತ್ತದೆ. ಮಹಾವ್ಯಾಧನ ಸೊಂಟದ ಕೆಳಗೆ ಮಂಜಿನ ಹಾಗೆ ಕಾಣುವುದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ. ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ, ಅಷ್ಟಮಿಯ ಆಸುಪಾಸು ನೋಡಿ. ಬೆಳಕು ಕತ್ತಲು ಸೇರುವ ಅಂಚಿನಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದು ಎಲ್ಲ ಎದ್ದು ಕಾಣುತ್ತದೆ.

ಆನ್‌ಲೈನ್‌ನಲ್ಲಿ “450 ಪಟ್ಟು” ಅಂತ ಬರೆದ ಸಣ್ಣ ಟೆಲಿಸ್ಕೋಪ್‌ಗಳನ್ನು ನಂಬಬೇಡಿ. ಗಾಜಿನ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. 60 ಮಿಲಿಮೀಟರಿಗೆ 120. ಅದಕ್ಕಿಂತ ಮೇಲೆ ಬರೀ ಮಸುಕು. ಬೈನಾಕ್ಯುಲರ್ ಆಗಲಿ ಟೆಲಿಸ್ಕೋಪ್ ಆಗಲಿ, ಅದರಲ್ಲಿ ಸೂರ್ಯನನ್ನು ಮಾತ್ರ ಎಂದೂ ನೋಡಬಾರದು. ಒಂದೇ ಕ್ಷಣ ಸಾಕು ಕಣ್ಣು ಹೋಗಲು. ತಮ್ಮ ತಂಗಿಯರ ಕೈಗೆ ಹಗಲು ಸಿಗದಂತೆ ಎತ್ತಿಡಿ.

ಜೊತೆ ಸಿಗುವುದು

ಒಬ್ಬರೇ ನೋಡುವುದಕ್ಕೂ ಒಂದು ಮಿತಿ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ, ವಿದ್ಯಾರ್ಥಿಗಳಿಗೆ ಅಂತಲೇ ಅಲ್ಲಿ ತರಗತಿ, ಕಾರ್ಯಕ್ರಮಗಳು ನಡೆಯುತ್ತವೆ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ ಇದೆ. ಬೆಂಗಳೂರಿನ ಹವ್ಯಾಸಿ ಖಗೋಳಜ್ಞರ ಸಂಘ 1976ರಷ್ಟು ಹಳೆಯದು. ಇವೆಲ್ಲ ದೂರ ಇದ್ದವರು ಬೇಸರಪಡಬೇಕಾಗಿಲ್ಲ. ಕತ್ತಲು ನಿಮ್ಮ ಕಡೆಗಿದೆ. ನಿಜವಾದ ಕತ್ತಲಿರುವ ಕಡೆ ಒಮ್ಮೆಗೆ ಎರಡು ಮೂರು ಸಾವಿರ ನಕ್ಷತ್ರ ಕಾಣುತ್ತವೆ. ದೊಡ್ಡ ನಗರದಲ್ಲಿ ಅದರ ಒಂದು ಸಣ್ಣ ಪಾಲು. ರಾಯಚೂರಿನ ಹಳ್ಳಿಯ ಹುಡುಗಿಗೆ ಹಾಲುಹಾದಿ ಕಾಣುತ್ತದೆ, ಬೆಂಗಳೂರಿನ ಹುಡುಗನಿಗೆ ಕಾಣುವುದಿಲ್ಲ.

ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳಲು ಒಂದು ಒಳ್ಳೆ ದಾರಿ ಇದೆ. ಶ್ರವಣ ನಕ್ಷತ್ರದ ಬೆಳಕು ನಮಗೆ ತಲುಪಲು ಸುಮಾರು 17 ವರ್ಷ ಬೇಕು. ನಿಮಗೆ ಹದಿನೇಳರ ಹತ್ತಿರ ಆಗಿದ್ದರೆ, ನೀವು ಹುಟ್ಟಿದಾಗ ಹೊರಟ ಬೆಳಕನ್ನು ಈಗ ನೋಡುತ್ತಿದ್ದೀರಿ. ಲುಬ್ಧಕಕ್ಕೆ ಎಂಟೂವರೆ ವರ್ಷ, ಅದನ್ನು ತಮ್ಮನಿಗೆ ತೋರಿಸಬಹುದು. ಅಭಿಜಿತ್‌ಗೆ 25, ಅಕ್ಕನಿಗೆ. ಸ್ವಾತಿಗೆ 37, ಅಮ್ಮನಿಗೆ. ರೋಹಿಣಿಗೆ ಸುಮಾರು 65, ಅಜ್ಜಿಗೆ. ಅಜ್ಜಿಯನ್ನು ಒಂದು ಸಂಜೆ ಟೆರೇಸಿಗೆ ಕರೆದುಕೊಂಡು ಹೋಗಿ. ಮಳೆ ನಕ್ಷತ್ರಗಳ ಬಗ್ಗೆ ಅವರಿಗೆ ಗೊತ್ತಿರುವುದು ನಿಮ್ಮ ಆ್ಯಪ್‌ಗೆ ಗೊತ್ತಿರುವುದಿಲ್ಲ.

ಮಾರ್ಕ್ಸ್ ಬಗ್ಗೆ ಚಿಂತೆ ಇರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಇದರಿಂದ ನೀಟ್‌ಗೋ ಸಿಇಟಿಗೋ ಎಷ್ಟು ಉಪಯೋಗ ಅಂತ ದಯವಿಟ್ಟು ಲೆಕ್ಕ ಹಾಕಬೇಡಿ. ಉಪಯೋಗ ಆಗಬಹುದು. ಆದರೆ ಆ ಲೆಕ್ಕ ಶುರುವಾದ ದಿನವೇ ಮಗು ಇದನ್ನು ಬಿಡುತ್ತದೆ. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ, ಯಾರೂ ಪ್ರಶ್ನೆ ಕೇಳದ ಜಾಗ. ಅಷ್ಟು ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಲೆನಾಡು ಕರಾವಳಿಯಲ್ಲಿ ಇನ್ನೂ ಹೆಚ್ಚು ದಿನ, ಆಕಾಶ ಮುಚ್ಚಿರುತ್ತದೆ. ಎಷ್ಟೋ ಜನರ ಹವ್ಯಾಸ ಇಲ್ಲೇ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಮಾಡುವ ಕೆಲಸವೂ ಇದೆ. ದೂರದ ದುರ್ಬೀನುಗಳು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ಕ್ಷುದ್ರಗ್ರಹ ಹುಡುಕುವ ಅಭಿಯಾನಗಳು ಶಾಲಾ ಮಕ್ಕಳಿಗಾಗಿಯೇ ನಡೆಯುತ್ತವೆ. 2020ರಲ್ಲಿ ಸೂರತ್‌ನ ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಹವಾಯಿಯ ದೂರದರ್ಶಕದ ಚಿತ್ರಗಳಲ್ಲಿ ಹಾಗೆ ಒಂದನ್ನು ಗುರುತಿಸಿದರು. ಇನ್ನು ಮಳೆ ನಿಂತ ಮೇಲೆ ನಿಮ್ಮ ಆಲ್ಗಾಲ್ ಟಿಪ್ಪಣಿಯನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಏರಿಳಿಯುವ ನಕ್ಷತ್ರಗಳನ್ನು ನೋಡುವವರ ಅಮೆರಿಕದ ಸಂಸ್ಥೆ, ಎಎವಿಎಸ್ಒ, 1911ರಿಂದ ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳ ಅಳತೆಗಳನ್ನು ಸಂಗ್ರಹಿಸುತ್ತಿದೆ. ಬರಿಗಣ್ಣಿನ ಅಂದಾಜನ್ನೂ ತೆಗೆದುಕೊಳ್ಳುತ್ತದೆ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಗತೊಡಗಿದಾಗ ಖಗೋಳ ವಿಜ್ಞಾನಿಗಳು ನೋಡಿದ ದಾಖಲೆಗಳಲ್ಲಿ ಇಂಥ ಹವ್ಯಾಸಿಗಳ ಅಂದಾಜುಗಳೂ ಇದ್ದವು. ನೋಂದಾಯಿಸಿಕೊಂಡರೆ ನಿಮಗೊಂದು ಕೋಡ್ ಕೊಡುತ್ತಾರೆ. ಆಮೇಲೆ ನಕ್ಷತ್ರದ ಹೆಸರು, ದಿನ, ಹೊತ್ತು, ಯಾವ ಯಾವ ನಕ್ಷತ್ರಕ್ಕೆ ಹೋಲಿಸಿದಿರಿ, ಎಷ್ಟು ಪ್ರಕಾಶ ಅನ್ನಿಸಿತು, ಇಷ್ಟು ಬರೆದು ಕಳಿಸಬೇಕು.